ಕಣ್ಣೊಳಗಿನ ಸಾಣಿಗೆ

ಜೂನ್ 12, ಗುರುವಾರ

ಈ ಮನೆಯಲ್ಲಿ ತಂಬಿಗೆಗೂ ಒಂದು ನೆಲೆಯಿಲ್ಲ. ಬೆಳಿಗ್ಗೆ ಪೂಜೆಗೆಂದು ತುಂಬಿಸಿಟ್ಟ ನೀರು ಪಡಸಾಲೆಯ ತುಂಬ ಹರಿಯಿತು. ತಂಬಿಗೆ ಇಟ್ಟವಳು ಸೊಸೆ, ಎಡವಿದವಳು ನಾನು, ನಕ್ಕವರು ಇವರು. "ಅದು ದಾರ್‍ಯಾಗ ಎಲ್ಲಿತ್ತ? ಗ್ವಾಡಿ ಮಗ್ಗಲದಾಗ ಇತ್ತಲ್ಲ" ಎಂದು ಸೊಸೆಯ ಪರ ಸಾಕ್ಷಿಯನ್ನೂ ಹೇಳಿದರು. ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ದಿನವಿಡೀ ಭತ್ತ ತೂಗುವವರಿಗೆ ಮನೆಯಲ್ಲಿ ಮಾತ್ರ ತಕ್ಕಡಿ ಸರಿಯಾಗಿ ಹಿಡಿಯಲು ಬರುವುದಿಲ್ಲ.

ಬಾಯಿಬಿಟ್ಟು ಹೇಳಿದರೆ ಜಗಳ. ಅದಕ್ಕೇ ಮಿಲ್ಲಿನವರು ಕೊಟ್ಟ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆ ಕಲಿತವಳು ನಾನು. ದ್ಯಾಮವ್ವನ ಗುಡಿಯಲ್ಲಿ ಶ್ರಾವಣ ಬಂತೆಂದರೆ ಪುರಾಣ ಓದುವವಳು ಈ ಸುಶೀಲವ್ವನೇ. ಬೇರೆ ಯಾರಿಗೂ ಆ ದನಿಯಿಲ್ಲ, ಆ ದೃಷ್ಟಿಯೂ ಇಲ್ಲ. ಇದು ಹೆಮ್ಮೆಯ ಮಾತಲ್ಲ, ಊರಿಗೇ ಗೊತ್ತಿರುವ ಮಾತು.

ಸೊಸೆ ತಡಸದವಳು. ನಮ್ಮ ಮೈಲಾರಲಿಂಗನನ್ನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಕೆಲಸದಲ್ಲಿ ಕಸರಿಲ್ಲ, ಆದರೆ ಬೆಕ್ಕಿನ ನಡಿಗೆ. ಯಾವಾಗ ನೋಡಿದರೂ ಎಡಗಡೆಯಿಂದ ಒಮ್ಮೆಲೇ ಹುಟ್ಟಿ ಬಂದವಳಂತೆ ನಿಂತಿರುತ್ತಾಳೆ. ಇವತ್ತು ಹೇಳಿಯೇಬಿಟ್ಟೆ: "ಕಾಲಿಗೊಂದು ಗೆಜ್ಜಿ ಆದರೂ ಕಟ್ಟಿಕೊಳ್ಳವಾ, ಬರೂದು ತಿಳೀಲಿ." ತಲೆ ಬಗ್ಗಿಸಿ "ಹೂಂರಿ ಅತ್ತಿ" ಎಂದಳು. ಹೀಗೆ ಎದುರಾಡದ ಸೊಸೆಯರನ್ನು ನಂಬಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು.

ಜೂನ್ 20, ಶುಕ್ರವಾರ

ಊರಿನ ಕನ್ನಡ ಸಾಲಿಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಉದ್ಘಾಟನೆಗೆ ಬಂದ ಮುಖಂಡರು ಕಪ್ಪು ಚಾಳೀಸು ತೆಗೆಯದೆಯೇ ಕಣ್ಣಿನ ಮಹತ್ವ ಹೇಳಿದರು. ದೀಪ ಹಚ್ಚುವಾಗ ಬತ್ತಿ ಕಾಣದೆ ಉರಿಯುವ ಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿದರು. ಅದಕ್ಕೂ ಚಪ್ಪಾಳೆ ಬಿತ್ತು, ಫೋಟೋನೂ ಆಯಿತು. ಸತ್ತ ಮೇಲೆ ಎಲ್ಲರೂ ಕಣ್ಣು ದಾನ ಮಾಡಬೇಕಂತೆ. "ಎಲ್ಲಾರಕಿಂತ ಮೊದಲ ನಾನ ಕೊಡತೇನಿ" ಎಂದವರು ಹೆಸರು ಬರೆಸುವ ಮೇಜಿನ ಕಡೆ ಬರಲಿಲ್ಲ, ಕಾರಿನ ಕಡೆ ನಡೆದರು. ಅವರಿಗೂ ಗೊತ್ತಿರಬೇಕು, ಕಣ್ಣು ಕೊಟ್ಟು ಹೋದರೆ ಮುಂದಿನ ಜನ್ಮದಲ್ಲಿ ತಡಕಾಡುತ್ತ ಹುಟ್ಟಬೇಕಾಗುತ್ತದೆ.

ಗೋಡೆಯ ಮೇಲಿನ ಅಕ್ಷರ ಓದಿಸಿದರು. ಪಕ್ಕದ ಮನೆಯ ಫಕ್ಕೀರವ್ವ ನಡುವಿನ ಸಾಲಿನಲ್ಲೇ ಸಿಕ್ಕಿಬಿದ್ದಳು. ನಾನು ಕಟ್ಟಕಡೆಯ ಸಾಲನ್ನು, ಕೆಳಗೆ ಛಾಪಖಾನೆಯ ಹೆಸರಿತ್ತು ಅದನ್ನೂ ಸೇರಿಸಿ ಓದಿದೆ. ಆಮೇಲೆ ಹಾನಗಲ್ಲಿನ ಡಾಕ್ಟರ ಬಾಯಾರು, ಶ್ವೇತಾ ಅಂತ, ಸಣ್ಣ ವಯಸ್ಸು, ಕಣ್ಣಿಗೆ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು.

"ಅಕ್ಕಾರ, ಒಮ್ಮಿ ಹಾನಗಲ್ಲಿಗೆ ಬರ್ರಿ. ನಿಮ್ಮ ಕಣ್ಣಿನ ಹಿಂದ ನೋಡಬೇಕು."

"ಕಣ್ಣಿನ ಹಿಂದ ಏನಿರತೈತ್ರಿ ಬಾಯಾರ? ತಲಿ ಇರತೈತಿ."

ಎಲ್ಲರೂ ನಕ್ಕರು, ಬಾಯಾರು ನಗಲಿಲ್ಲ. ಅರ್ಧ ಓದಿದ ಫಕ್ಕೀರವ್ವನಿಗೆ ಪುಕ್ಕಟೆ ಚಾಳೀಸು ಕೊಟ್ಟು ಕಳಿಸಿದರು. ಪೂರ್ತಿ ಓದಿದವಳಿಗೆ ಕಣ್ಣು ಕೆಟ್ಟಿದೆ ಅಂದರು. ಈ ನ್ಯಾಯವನ್ನು ದ್ಯಾಮವ್ವನೇ ನೋಡಿಕೊಳ್ಳಬೇಕು.

ಜೂನ್ 28, ಶನಿವಾರ

ಹಾನಗಲ್ಲಿಗೆ ಹೋಗಿ ಬಂದೆ. ಇವರಿಗೆ ಮಿಲ್ಲು, ಮಗನಿಗೆ ಟ್ರ್ಯಾಕ್ಟರು. ಸೊಸೆಯನ್ನೇ ಕರೆದುಕೊಂಡು ಹೋಗಬೇಕಾಯಿತು. ಅದೂ ಒಳ್ಳೆಯದೇ ಆಯಿತೆನ್ನಿ. ದವಾಖಾನೆಯ ಬಾಗಿಲಲ್ಲಿ "ಗಂಡನ ಹೆಸರು?" ಎಂದು ಕೇಳಿದರು. ಗಂಡನ ಹೆಸರು ಬಾಯಲ್ಲಿ ಹೇಳಲು ನಾನೇನು ಲಜ್ಜೆಗೆಟ್ಟವಳೇ? ಸೊಸೆಯ ಕಡೆ ನೋಡಿದೆ. "ಹೊಳಬಸಪ್ಪ" ಎಂದು ಬರೆಸಿದಳು.

ಒಂದು ಬೋಗುಣಿಯಂಥ ಮಷಿನ್ನಿನೊಳಗೆ ಮುಖ ಇಡಿಸಿದರು. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತಮುತ್ತ ಬೆಳಕು ಮಿಣುಕಿದಾಗೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಪೂಜೆಗೆ ಕುಂತಷ್ಟೇ ನಿಷ್ಠೆಯಿಂದ ಕುಂತು ನೋಡಿದೆ. ಅಲ್ಲೊಂದು ಇಲ್ಲೊಂದು ಮಿಣುಕಿತು, ಉಳಿದಂತೆ ಮಷಿನ್ನು ಸುಮ್ಮನಿತ್ತು. ಅದು ಸುಮ್ಮನಿದ್ದರೆ ನಾನೇಕೆ ಗುಂಡಿ ಒತ್ತಲಿ? ಎದ್ದವಳೇ ಹೇಳಿದೆ: "ನಿಮ್ಮ ಮಷಿನ್ ಕೆಟ್ಟೈತ್ರಿ. ಬೆಳಕ ಬರವಲ್ಲದು." ಬಾಯಾರು ಸೊಸೆಯ ಮುಖ ನೋಡಿದರು, ಸೊಸೆ ನೆಲ ನೋಡಿದಳು.

ನನಗೆ ಕಾಚಬಿಂದು ಅಂತೆ, ಇಂಗ್ಲಿಷಿನಲ್ಲಿ ಗ್ಲಾಕೋಮಾ.

"ಅಕ್ಕಾರ, ಮನ್ಯಾಗ ಹಿಟ್ಟ ಸೋಸೂ ಸಾಣಿಗಿ ಐತಿಲ್ರಿ? ಕಣ್ಣಿನ ಹಿಂದೂ ಹಂಗ ಒಂದ ಸಾಣಿಗಿ ಐತಿ, ಸಾಸಿವಿ ಕಾಳಿನಷ್ಟ. ನೀವು ನೋಡಿದ್ದನ್ನ ತಲಿಗೆ ಮುಟ್ಟಸೂ ನರದ ಎಳಿ ಎಲ್ಲಾ ಅದರ ತೂತಿನಾಗ ಹಾದು ಹೋಗಬೇಕು" ಎಂದು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಸಣ್ಣದನ್ನು ಸಾವಿರ ಪಟ್ಟು ದೊಡ್ಡದು ಮಾಡಿ ತೋರಿಸುವ ಮಷಿನ್ನಿನಲ್ಲಿ ತೆಗೆದದ್ದಂತೆ. ಮೊದಲನೆಯದು ಹರೆಯದವರ ಕಣ್ಣಿನದು. ನೂಲಿನಂಥ ಎಳೆಗಳು ಹೊಸ ಹೊರಸಿನ ನುಲಿಯ ಹಾಗೆ ಅಲೆ ಅಲೆಯಾಗಿ ಸಡಿಲವಾಗಿದ್ದವು, ತೂತುಗಳು ದುಂಡಗಿದ್ದವು. ಎರಡನೆಯದು ವಯಸ್ಸಾದವರದು. ಎಳೆ ದಪ್ಪಗಾಗಿ, ಅಲೆ ಅಳಿಸಿ, ಒಂದಕ್ಕೊಂದು ಅಂಟಿ, ಮಳೆಗೆ ನೆನೆದು ಬಿಸಿಲಿಗೆ ಸೆಟೆದ ಹಗ್ಗದ ಹಾಗಿತ್ತು. ಚಂದದ ನೇಯ್ಗೆ, ಸುಳ್ಳೇಕೆ ಹೇಳಲಿ. ನಮ್ಮ ಕಣ್ಣೊಳಗೂ ದೇವರು ಕೂತು ನೇಯ್ದಿದ್ದಾನಲ್ಲ ಎನ್ನಿಸಿತು.

"ಹೊಸಾ ನುಲಿ ಮ್ಯಾಲ ಕುಂತ್ರ ಬಾಗತೈತಿ, ಎದ್ರ ಮತ್ತ ಏಳತೈತಿ. ಸೆಟದದ್ದು ಬಾಗಂಗಿಲ್ರಿ. ಕಣ್ಣೊಳಗಿನ ನೀರಿನ ಒತ್ತಡ ಹೆಚ್ಚಾಗಿ ಅದನ್ನ ಹಿಂದಕ್ಕ ನೂಕಿದ್ರ ತೂತು ಸೊಟ್ಟ ಆಗತಾವ, ಎಳಿ ಸಿಕ್ಕೊಂಡು ಸಾಯತಾವ. ಮೊದಲ ಮಗ್ಗಲ ಕಾಣೂದು ಹೋಗತೈತಿ. ನೋವಿಲ್ಲ, ಕೆಂಪಿಲ್ಲ. ಅದಕ್ಕ ಯಾರಿಗೂ ಗೊತ್ತಾಗಂಗಿಲ್ಲ. ಹೋದದ್ದು ತಿರುಗಿ ಬರೂದಿಲ್ಲ. ಇದ್ದದ್ದು ಉಳೀಬೇಕಂದ್ರ ದಿನಾ ಸಂಜಿಗೆ ಊಟ ಆದಮ್ಯಾಲ ಈ ಹನಿ ಹಾಕಬೇಕು. ಒಂದ ದಿನಾನೂ ಬಿಡಬಾರದು."

"ನನಗ ಹಂಗೇನೂ ಆಗಿಲ್ರಿ. ಮಗ್ಗಲದಾಗ ಯಾರಾರ ಇದ್ರ ನನಗ ಚಲೋತ್ನ್ಯಾಗ ಕಾಣತೈತಿ."

"ನೀರ ಕುಡೀರಿ ಅತ್ತಿ" ಎಂದು ಸೊಸೆಯ ದನಿ ಬಂತು. ಎಡಕ್ಕೆ ತಿರುಗಿದರೆ ಬಾಟಲಿ ಹಿಡಿದು ನಿಂತಿದ್ದಾಳೆ. ಯಾವಾಗ ಬಂದಳೋ. ಗೆಜ್ಜೆ ಕಟ್ಟಿಕೊಂಡಿದ್ದಳು, ನಿಂತಾಗ ಅದು ಸಪ್ಪಳ ಮಾಡುವುದಿಲ್ಲ.

ಆ ಚಿತ್ರ ಯಾರ ಕಣ್ಣಿನದೆಂದು ಕೇಳಿದೆ. ಸತ್ತ ಮೇಲೆ ದಾನ ಮಾಡಿದವರದಂತೆ. ಶಿವಶಿವಾ! ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಂಡೆ. "ಚಿತ್ರಕ್ಕೂ ಮೈಲಿಗಿ ಇರತೈತೇನ?" ಎಂದು ಇವರು ಕೇಳಿದರು. ಇನ್ನೊಂದು ತಂಬಿಗೆ ಹಾಕಿಕೊಂಡೆ.

ಜುಲೈ 2

ಹನಿ ಹಾಕಿಕೊಳ್ಳುತ್ತಿದ್ದೇನೆ. ಕಣ್ಣಿಗೆ ಹಾಕಿದ್ದು ಗಂಟಲಿಗೆ ಇಳಿಯುತ್ತದೆ, ಬೇವಿನಷ್ಟು ಕಹಿ. ದ್ಯಾಮವ್ವನಿಗೆ ಬೆಳ್ಳಿ ಕಣ್ಣು ಮಾಡಿಸುತ್ತೇನೆಂದು ಹರಕೆ ಹೊತ್ತೆ. ಹಿಟ್ಟು ಸೋಸುವಾಗ ನಮ್ಮ ಸಾಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನನ್ನ ಮದುವೆಯಲ್ಲಿ ಬಂದದ್ದು. ಇನ್ನೂ ಸೆಟೆದಿಲ್ಲ.

ಜುಲೈ 28, ಸೋಮವಾರ

ಮೊದಲ ಶ್ರಾವಣ ಸೋಮವಾರ. ಪ್ರತಿ ವರ್ಷದಂತೆ ಶ್ರಾವಣ ಪೂರ್ತಿ ಒಪ್ಪತ್ತು ಹಿಡಿದಿದ್ದೇನೆ. ಸಂಜೆ ಒಮ್ಮೆ ಉಂಡು ಕೈ ತೊಳೆದರೆ ಮರುದಿನ ಸಂಜೆಯವರೆಗೆ ಗಂಟಲಿಗೆ ಬೇರೇನೂ ಇಳಿಯಬಾರದು. ಇವತ್ತು ಉಂಡ ಮೇಲೆ ಹನಿ ಬಾಟಲಿ ಕೈಯಲ್ಲಿ ಹಿಡಿದಾಗ ಹೊಳೆಯಿತು: ಹಾಕಿಕೊಂಡರೆ ಗಂಟಲಿಗೆ ಇಳಿಯುತ್ತದೆ! ಇಷ್ಟು ವರ್ಷದ ವ್ರತ ಒಂದು ಹನಿಗೆ ಕೆಡಬೇಕೇ? ದೇವರ ಸೇವೆ ಮುಗಿಯಲಿ, ಆಮೇಲೆ ಡಾಕ್ಟರರ ಸೇವೆ. ಬಾಟಲಿಯನ್ನು ದೇವರ ಮಾಡದೊಳಗೆ, ವಿಭೂತಿಯ ಹಿಂದೆ ಇಟ್ಟೆ. ಅಲ್ಲಿದ್ದರೂ ಒಳ್ಳೆಯ ಗುಣ ಹತ್ತುತ್ತದೆ.

ಆಗಸ್ಟ್ 8, ಶುಕ್ರವಾರ

ಈ ಊರಲ್ಲಿ ಮರ್ಯಾದೆಯ ಕಾಲ ಮುಗಿಯಿತು. ಶ್ರಾವಣ ಶುಕ್ರವಾರವೆಂದು ಫಕ್ಕೀರವ್ವ ಓಣಿಯ ಹೆಂಗಸರನ್ನೆಲ್ಲ ಉಡಿ ತುಂಬಲು ಕರೆದಿದ್ದಳು. ಹೋದೆ, ಕುಂತೆ, ಹಾಡು ಹೇಳಿದೆ. ಎಲ್ಲರ ಹಣೆಗೂ ಕುಂಕುಮ ಬಿತ್ತು, ನನಗೊಬ್ಬಳಿಗೆ ಯಾರೂ ತಾಟು ಹಿಡಿಯಲಿಲ್ಲ. ಎದ್ದು ಬಂದೆ. ಮುತ್ತೈದೆಯನ್ನು ಬರಿಗೈಯಲ್ಲಿ ಹೊಸ್ತಿಲು ದಾಟಿಸಿದಳು!

ಅದಕ್ಕಿಂತ ಸೋಜಿಗವೆಂದರೆ ಸಂಜೆ ಫಕ್ಕೀರವ್ವ ನೀರಿನ ಟಾಕಿಯ ಮುಂದೆ ನಿಂತು ಓಣಿ ಕೇಳುವಂತೆ ಕೂಗಾಡಿದ್ದಾಳೆ: "ತಾಟ ಹಿಡಕೊಂಡು ಆಕಿ ಮಗ್ಗಲದಾಗ ನಿಂತೇನಿ, ತಿರುಗಿ ಸೈತ ನೋಡಲಿಲ್ಲ! ಪುರಾಣ ಓದಾಕಿಗೆ ನನ್ನ ಕುಂಕುಮ ಬ್ಯಾಡಾತೇನ?" ಉಡಿ ತುಂಬುವ ದಿನವೇ ಸುಳ್ಳು ಹೇಳುವ ಬಾಯಿ. ಇವಳಿಗೆ ಪುಕ್ಕಟೆ ಚಾಳೀಸು ಬೇರೆ ಕೊಟ್ಟಿದ್ದಾರೆ.

ಆಗಸ್ಟ್ 14

ಸುಶೀಲವ್ವನಿಗೆ ಸೊಕ್ಕು ಬಂದಿದೆ ಎಂದು ಊರು ಆಡಿಕೊಳ್ಳುತ್ತಿದೆಯಂತೆ. ಎದುರು ಬಂದವರ ಜೊತೆ ಮಾತಾಡುವುದಿಲ್ಲವಂತೆ. ಎದುರು ಬಂದವರ ಜೊತೆ ಮಾತಾಡುತ್ತೇನಲ್ಲ? ಜನರೇ ಈಗ ಎದುರು ಬರುವುದಿಲ್ಲ, ಹಾದುಹೋದ ಮೇಲೆ ಹಿಂದಿನಿಂದ ಮಾತಾಡುತ್ತಾರೆ.

ಈ ವರ್ಷದ ಪುರಾಣದ ಪುಸ್ತಕದ ಮುದ್ರಣವೂ ಸರಿಯಿಲ್ಲ. ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ಬಂದರೆ ಅದರ ತಲೆಯೇ ಸಿಗುವುದಿಲ್ಲ. ನಿನ್ನೆ ಶರಣರ ಮದುವೆಯ ಭಾಗ ತಪ್ಪಿಸಿ ನೇರವಾಗಿ ತೊಟ್ಟಿಲಿಗೆ ಬಂದೆ. ಯಾರೋ ಕಿಸಕ್ಕೆಂದರು. ಹೋದ ವರ್ಷದ್ದೂ ಇದೇ ಪುಸ್ತಕ ಎಂದು ಇವರು ಹೇಳುತ್ತಾರೆ. ಇವರಿಗೇನು ಗೊತ್ತು.

ಆಗಸ್ಟ್ 18, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಕಡೆಯ ಸೋಮವಾರ, ಗುಡಿ ತುಂಬಿತ್ತು. ಅಧ್ಯಾಯ ಮುಗಿಸಿ ಏಳುವಾಗ ಎಡಗಡೆಯ ದೀಪದ ಸಮೆಗೆ ಸೆರಗು ತಾಗಿ ಅದು ಉರುಳಿತು. ಎಣ್ಣೆ ಹರಿದು ಪುರಾಣವೂ ತೋಯಿತು, ಕೆಳಗೆ ಕುಂತಿದ್ದ ಫಕ್ಕೀರವ್ವನ ಹೊಸ ಇಳಕಲ್ಲ ಸೀರೆಯೂ ತೋಯಿತು. ದೇವರ ಪುಣ್ಯ, ಬೆಂಕಿ ಹತ್ತಲಿಲ್ಲ. "ಬೇಕಂತನ ಮಾಡ್ಯಾಳ!" ಎಂದಳು ಫಕ್ಕೀರವ್ವ. "ಸಮೆ ಇಲ್ಲಿ ಇಟ್ಟವರ್‍ಯಾರ?" ಎಂದೆ ನಾನು. ಕುಂತವರೆಲ್ಲ ನನ್ನ ಕಡೆ ತಿರುಗಿದರು. ನಾನು ಸಣ್ಣವಳಿದ್ದಾಗಿನಿಂದಲೂ ಆ ಸಮೆ ಅಲ್ಲೇ ಇದೆ ಎಂದು ಆಮೇಲೆ ನೆನಪಾಯಿತು.

ಮನೆಗೆ ಬಂದು ಕುಂತೆ. ಸೊಸೆ ಎದುರು ಬಂದು ಕುಂತಳು. "ಅತ್ತಿ, ನನ್ನ ಮೂಗ ನೋಡ್ರಿ. ಕಣ್ಣ ಕದಲಿಸಬ್ಯಾಡ್ರಿ. ಇದು ಎಷ್ಟು ಬಟ್ಟು?"

"ಯಾವ ಬಟ್ಟವಾ? ಮೊದಲ ಕೈ ಎತ್ತು."

"ಆಗಲೇ ಎತ್ತಿ ಹಿಡದೇನ್ರಿ."

ತಿರುಗಿ ನೋಡಿದರೆ ನನ್ನ ಎಡಗಿವಿಯಿಂದ ಸ್ವಲ್ಪ ಮುಂದೆ ಅವಳ ಐದೂ ಬೆರಳು ಬಿಚ್ಚಿಕೊಂಡಿದ್ದವು.

ಅವಳು ಎದ್ದು ದೇವರ ಮಾಡದ ಹತ್ತಿರ ಹೋದಳು. ವಿಭೂತಿಯ ಹಿಂದಿನ ಬಾಟಲಿ ತಂದು ಅಲ್ಲಾಡಿಸಿದಳು. ಕುಲುಕುಲು ಅಂದಿತು. ಒಪ್ಪತ್ತಿನ ವಿಷಯ ಹೇಳಿದೆ. ಆ ಎದುರಾಡದ ಹುಡುಗಿ ಆಗ ಬಾಯಿಬಿಟ್ಟಳು ನೋಡಿ:

"ಹೊಟ್ಟಿಗೆ ಉಪವಾಸ ಇರ್ರಿ, ಬ್ಯಾಡ ಅಂದವರ್‍ಯಾರು? ಕಣ್ಣಿಗೆ ಯಾಕ ಉಪವಾಸ ಕೆಡವಿದ್ರಿ?"

"ದ್ಯಾಮವ್ವಗ ಬೆಳ್ಳಿ ಕಣ್ಣ ಬೇಡಕೊಂಡೇನವಾ..."

"ಆಕಿಗೆ ಕಣ್ಣ ಅದಾವ್ರಿ! ಬೇಕಾಗಿದ್ದು ನಿಮಗ. ನಾಳೆ ಆಕಿ ಮುಂದ ನಿಂತಾಗ ಆಕಿನ್ನ ಯಾವ ಕಣ್ಣಿಂದ ನೋಡವರದೀರಿ?"

ಹೇಳಿ ಅತ್ತಳು. ನನ್ನ ಕಣ್ಣಿಗೆ ಅವಳೇಕೆ ಅಳಬೇಕು? ಎದುರಾಡಿದ್ದಕ್ಕೆ ಬೈಯಬೇಕಾಗಿತ್ತು. ಬೈಯಲು ಮರೆತೆ.

ಆಗಸ್ಟ್ 25, ಸೋಮವಾರ

ಹಾನಗಲ್ಲು. ಮತ್ತೆ ಆ ಬೋಗುಣಿ. ಈ ಸಲವೂ ಮಷಿನ್ನು ಬಹಳ ಹೊತ್ತು ಸುಮ್ಮನಿತ್ತು. ಅದು ಸುಮ್ಮನಿಲ್ಲ ಎಂದು ಗೊತ್ತಿದ್ದೇ ಕುಂತಿದ್ದೆ. ಕತ್ತಲೆಯೊಳಗೆ ಎಲ್ಲೋ ಬೆಳಕು ಬರುತ್ತಿದೆ, ನನಗೊಬ್ಬಳಿಗೆ ಹೇಳುತ್ತಿಲ್ಲ.

ಮಷಿನ್ನು ಕೊಟ್ಟ ಕಾಗದದಲ್ಲಿ ಕಾಣದ ಜಾಗವೆಲ್ಲ ಕಪ್ಪು, ಅದು ಹೋದ ಸಲಕ್ಕಿಂತ ಹರಡಿದೆಯಂತೆ. ಎಡಕ್ಕೆ ಹೆಚ್ಚು. ಬಾಯಾರು ಬೈಯಲಿಲ್ಲ, ಅದೇ ಬೇಸರವಾಯಿತು. ಸೊಸೆ ಮಲ್ಲಿಕಾ ಒಪ್ಪತ್ತಿನ ಕಥೆ ಹೇಳಿದಳು.

"ಅದಕ್ಕೊಂದು ಉಪಾಯ ಐತಿಲ್ರಿ! ಹನಿ ಹಾಕಿದ ಮ್ಯಾಲ ಕಣ್ಣ ಮುಚ್ಚಿ, ಮೂಗಿನ ಕಡೆ ಮೂಲಿ ಐತಿಲ್ಲ, ಅಲ್ಲಿ ಬಟ್ಟಿಂದ ಮೆತ್ತಗ ಒತ್ತಿ ಹಿಡೀರಿ. ಔಷಧ ಕಣ್ಣಾಗ ಉಳಿತೈತಿ, ಗಂಟಲಿಗೆ ಇಳಿಯಂಗಿಲ್ಲ."

"ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ಹನಿಯಿಂದ ಒಪ್ಪತ್ತು ಕೆಡತೈತಿ ಅಂತ ನಮಗ ಕಲಿಸೂವಾಗ ಯಾರೂ ಹೇಳಲಿಲ್ರಿ ಅಕ್ಕಾರ."

ಬಸ್ಸಿನಲ್ಲಿ ಮಲ್ಲಿಕಾ ಕಿಟಕಿಯ ಸೀಟು ಬಿಟ್ಟು ನನ್ನ ಎಡಕ್ಕೆ ಕುಂತಳು.

ಆಗಸ್ಟ್ 26

ನಾನೇ ಒತ್ತಿಕೊಂಡರೆ ಬೆರಳು ಜಾರುತ್ತದೆ. ಮಲ್ಲಿಕಾ ಒತ್ತಿದಳು. ಒಂದು ಶಿವಸ್ತುತಿ ಹೇಳಿ ಮುಗಿಸುವಷ್ಟು ಹೊತ್ತು ಹಿಡಿಯಬೇಕು. ಸ್ತುತಿ ಹೇಳಿದೆ. ಕಹಿ ಬರಲಿಲ್ಲ. ಅವಳ ಬೆರಳಿಗೆ ಬಳ್ಳೊಳ್ಳಿಯ ವಾಸನೆ.

ಸೆಪ್ಟೆಂಬರ್ 3

ಹನಿ. ಸ್ತುತಿ ನಿಧಾನವಾಗಿ ಹೇಳಿದೆ.

ಸೆಪ್ಟೆಂಬರ್ 11

ಇವತ್ತು ಸ್ತುತಿ ಹೇಳಲು ಮರೆತೆ. ಮಲ್ಲಿಕಾ ತಡಸದ ಎಮ್ಮೆಯ ಕಥೆ ಹೇಳುತ್ತಿದ್ದಳು. ಅವರವ್ವನ ಹಸಿರು ಸೀರೆ ಕಂಡರೆ ಮಾತ್ರ ಅದು ಹಾಲು ಬಿಡುತ್ತಿತ್ತಂತೆ. ಅವ್ವ ಹುಲಗೂರಿಗೆ ಬಾಣಂತನ ಮಾಡಲು ಹೋದಾಗ ಅಪ್ಪ ಆ ಸೀರೆ ಉಟ್ಟು, ಮೀಸೆಯ ಮೇಲೆ ಸೆರಗು ಎಳೆದುಕೊಂಡು ಹಿಂಡಲು ಕುಂತಿದ್ದಾರೆ. ಅದೇ ಹೊತ್ತಿಗೆ ಹೆಣ್ಣು ನೋಡಲು ನಾವು ಹೋಗಿದ್ದೇವೆ! ಆ ದಿನ ಬಾಗಿಲಲ್ಲಿ ಒಬ್ಬ ಎತ್ತರದ ಹೆಂಗಸು ನಮ್ಮನ್ನು ಕಂಡು ಓಡಿದ್ದು ನನಗೂ ನೆನಪಿದೆ. ಬಹಳ ನಾಚಿಕೆಯ ಹೆಂಗಸೆಂದು ಆಗ ಮೆಚ್ಚಿದ್ದೆ. ನಕ್ಕು ನಕ್ಕು ಬೆರಳು ಜಾರಿತು. ಗಂಟಲು ಕಹಿಯಾಯಿತು. ಇರಲಿ.

ಅಕ್ಟೋಬರ್ 1, ಬುಧವಾರ

ಮಹಾನವಮಿ. ಬೆಳ್ಳಿ ಕಣ್ಣು ಒಯ್ದೆ. ಹರಕೆ ಹರಕೆಯೇ, ಅದರಲ್ಲಿ ವಾದವಿಲ್ಲ. ಪೂಜಾರಿ ಕೊಟ್ರೇಶ ಮೇಣ ಹಿಡಿದು ದ್ಯಾಮವ್ವನ ಮುಖದ ಮುಂದೆ ನಿಂತು ತಲೆ ಕೆರೆದುಕೊಂಡ.

"ಎಲ್ಲಿ ಅಂಟಸಲಿ ಸುಶೀಲಕ್ಕ? ಜಾಗಾನ ಇಲ್ಲ. ಕಣ್ಣಿನ ಮ್ಯಾಲ ಕಣ್ಣ ಕುಂತಾವ."

ನಿಜ. ಊರಿನ ಹರಕೆಯೆಲ್ಲ ಸೇರಿ ತಾಯಿಯ ಸ್ವಂತ ಕಣ್ಣು ಎಲ್ಲೋ ಒಳಗೆ ಮುಚ್ಚಿಹೋಗಿದೆ. ಇಷ್ಟು ದಿನ ಅವಳ ಮುಂದೆ ಕುಂತು ಪುರಾಣ ಓದಿದರೂ ನಾನು ಗಮನಿಸಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದೆ: "ಮುಂದ ಬ್ಯಾಡಪಾ. ಕಿವಿ ಹತ್ತರ ಅಂಟಸು, ಈಕಡೆ ಒಂದು, ಆಕಡೆ ಒಂದು. ಆಕಿಗೆ ಮಗ್ಗಲಾನೂ ಕಾಣಲಿ."

ಕೊಟ್ರೇಶ ಶಾಸ್ತ್ರ ಹುಡುಕಿದ, ಸಿಗಲಿಲ್ಲ, ಅಂಟಿಸಿದ.

ಆಗ ಗೆಜ್ಜೆಯಿಲ್ಲದ ದಪ್ಪ ಹೆಜ್ಜೆ ನನ್ನ ಸುತ್ತ ಬಂದು ಮುಂದೆ ನಿಂತಿತು. ಫಕ್ಕೀರವ್ವ. ಮಲ್ಲಿಕಾ ಅವಳ ಮನೆಗೆ ಹೋಗಿ ಎಲ್ಲ ಹೇಳಿದ್ದಾಳೆಂದು ಕಾಣುತ್ತದೆ. ನನ್ನನ್ನು ಕೇಳದೆ!

"ಇಗಾ, ಮೂಗಿನ ಮುಂದ ತಾಟ ಹಿಡದೇನಿ. ಈಗರೆ ಕಾಣತೈತೋ, ಇಲ್ಲಾ ದೊಡ್ಡ ತಾಟ ತರಲ್ಯೋ?"

"ತಾಟ ಕಾಣತೈತಿ. ಅದರ ಹಿಂದಿನ ಮಾರಿ ಕಾಣದಿದ್ರ ಚಲೋ ಇತ್ತು."

ಅವಳು ಕುಂಕುಮ ಹಚ್ಚಿದಳು. ಪುಕ್ಕಟೆ ಚಾಳೀಸಿನ ಪ್ರಸಾದ, ಹಣೆ ಬಿಟ್ಟು ಹುಬ್ಬಿನ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. ಸೀರೆಯ ಎಣ್ಣೆ ಕಲೆ ಹೋಗಿಲ್ಲವೆಂದು ಸೆರಗು ತೋರಿಸಿದಳು, ಅದೂ ಮುಂದೆ ಹಿಡಿದೇ.

ನವೆಂಬರ್ 15, ಶನಿವಾರ

ಹಾನಗಲ್ಲು. ಒತ್ತಡ ಇಳಿದಿದೆ, ಕಪ್ಪು ಹರಡಿಲ್ಲ. ಹೋದದ್ದು ಹೋಯಿತು, ಇದ್ದದ್ದು ಇದೆ. ಬಾಯಾರಿಗೆ ಸಂತೋಷವಾಗಿ ಚಹಾ ತರಿಸಿದರು. ಕಾರ್ತಿಕದಲ್ಲಿ ನಾನು ಪುರಾಣ ಓದುತ್ತಿರುವುದನ್ನು ಹೇಳಿದೆ. ಮಲ್ಲಿಕಾ ಸಾಲಿನ ತಲೆಗೆ ಬೆರಳು ಇಟ್ಟುಕೊಂಡು ಹೋಗುತ್ತಾಳೆ. ಈಗ ಮದುವೆ ಆದ ಮೇಲೆಯೇ ತೊಟ್ಟಿಲು ಬರುತ್ತದೆ.

ಒಂದು ಮಾತು ಕೇಳಬೇಕಾಗಿತ್ತು, ಕೇಳಿದೆ. "ಬಾಯಾರ, ಆ ಸಾಣಿಗಿ ಚಿತ್ರಾ ತಗ್ಯಾಕ ಕಾಚಬಿಂದು ಆದ ಕಣ್ಣೂ ನಡಿತಾವೇನ್ರಿ?"

"ಅಂಥಾವ ಭಾಳ ಬೇಕಾಗಿರತಾವ್ರಿ ಅಕ್ಕಾರ. ಎಳಿ ಹ್ಯಾಂಗ ಸೆಟೀತಾವ ಅಂತ ಅವನ್ನ ನೋಡೇ ತಿಳೀಬೇಕು."

ಹಾಗಾದರೆ ನನ್ನದು ಉಪಯೋಗಕ್ಕೆ ಬರುತ್ತದೆ. ಫಕ್ಕೀರವ್ವನದು ಬರಲಿಕ್ಕಿಲ್ಲ, ಅವಳದು ಬರೀ ಚಾಳೀಸಿನ ಕಣ್ಣು. ಕೊಡುತ್ತೇನೆಂದು ಹೇಳಿದೆ. ಮುಂದಿನ ಜನ್ಮದ ಮಾತನ್ನು ದ್ಯಾಮವ್ವನ ಜೊತೆ ನಾನು ನೋಡಿಕೊಳ್ಳುತ್ತೇನೆ. ಆ ಎರಡು ಚಿತ್ರ ಇನ್ನೊಮ್ಮೆ ತೋರಿಸಿಕೊಂಡು ಬಂದೆ. ಸ್ನಾನದ ನೆನಪಾದದ್ದು ಈಗ, ಇದನ್ನು ಬರೆಯುವಾಗ.

ಏಳುವ ಮುಂಚೆ ಬಾಯಾರು ಕೇಳಿದರು: "ಮುಂದ ನೋಡಕೋತ ಹೇಳ್ರಿ. ಎಡಗಡೆ ಈಗ ಏನ ಐತ್ರಿ?"

"ಎಡಗಡೆ ಮಲ್ಲಿಕಾ ಅದಾಳ್ರಿ."

ಬಾಯಾರು ಬಾಗಿಲ ಕಡೆ ನೋಡಿದರು. "ಆಕಿ ಔಷಧ ತರಾಕ ಹೊರಗ ಹೋಗಿ ಭಾಳ ಹೊತ್ತಾತಲ್ರಿ ಅಕ್ಕಾರ. ನಿಮಗ ಕಂಡಿಲ್ಲ" ಎಂದು ಏನೋ ಬರೆದುಕೊಂಡರು.

ಇಷ್ಟು ಓದಿದ ಹೆಣ್ಣುಮಗಳು. ಔಷಧ ತರಲು ಹೋದವಳು ತಿರುಗಿ ಎಲ್ಲಿ ಬಂದು ನಿಲ್ಲುತ್ತಾಳೆ ಎಂಬುದೊಂದು ಅವರಿಗೆ ತಿಳಿಯಲಿಲ್ಲ.